ಪೊಟ್ಟಣದ ಜೊತೆ ಚೌಕಾಸಿ: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

ಹೆಪ್ಪುಗಟ್ಟಿಸಿದ ಅಥವಾ ಫ್ರಿಜ್ಜಿನ ಹೊರಗೇ ತಿಂಗಳುಗಟ್ಟಲೆ ಕೆಡದೆ ಉಳಿಯುವ ಹಣ್ಣು–ತರಕಾರಿಯ ಪೊಟ್ಟಣ ಕೊಂಡಿದ್ದಕ್ಕೆ ಅಭಿನಂದನೆಗಳು. ಇನ್ನೂ ಕೊಂಡಿಲ್ಲ, ಅಂಗಡಿಯ ಸಾಲಿನಲ್ಲಿ ಒಂದೊಂದು ಕೈಯಲ್ಲಿ ಒಂದೊಂದು ಪೊಟ್ಟಣ ಹಿಡಿದು ನಿಂತಿದ್ದೀರಿ ಎನ್ನುವುದಾದರೆ ಇನ್ನೂ ಒಳ್ಳೆಯದು. ಈ ಕೈಪಿಡಿ ಹೆಚ್ಚು ಉಪಯೋಗಕ್ಕೆ ಬರುವುದು ದುಡ್ಡು ಕೊಡುವುದಕ್ಕೆ ಮುಂಚೆ.

ಅರ್ಹತೆ: ಬಳಕೆದಾರರು ತರಕಾರಿ ಗಾಡಿಯವರ ಹತ್ತಿರ ಒಮ್ಮೆಯಾದರೂ ಚೌಕಾಸಿ ಮಾಡಿದವರಾಗಿರತಕ್ಕದ್ದು. ಬೆಂಡೆಕಾಯಿಯ ತುದಿ ಮುರಿಯುವುದು, ಟೊಮೆಟೊ ಒತ್ತುವುದು, ಕಲ್ಲಂಗಡಿ ತಟ್ಟುವುದು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ಅವರೆಕಾಯಿಯನ್ನು ಮೂಗಿಗೆ ಹಿಡಿದು ಸೊಗಡು ನೋಡುವುದು, “ಇದೇನಮ್ಮಾ, ನಿನ್ನೇದಾ?” ಎಂದು ಕೇಳಿಯೇ ಬಿಡುವುದು, ಎಲ್ಲ ಮುಗಿದ ಮೇಲೆ ಕೊಸರಿಗೆ ಒಂದೆಸಳು ಕರಿಬೇವು ಬೇಡುವುದು – ಇಷ್ಟು ವಿದ್ಯೆ ಬಂದಿದ್ದರೆ ಸಾಕು, ಬೇರೆ ತರಬೇತಿ ಬೇಕಿಲ್ಲ.

ವಿಚಿತ್ರವೆಂದರೆ, ಈ ವಿದ್ಯೆಯಲ್ಲಿ ಪಳಗಿದವರೇ ಏಸಿ ಅಂಗಡಿಯ ಗಾಜಿನ ಬಾಗಿಲು ದಾಟಿದ ಕೂಡಲೆ ಸಭ್ಯರಾಗಿಬಿಡುತ್ತಾರೆ. ಒತ್ತುವುದಿಲ್ಲ, ತಟ್ಟುವುದಿಲ್ಲ, ಏನನ್ನೂ ಕೇಳುವುದಿಲ್ಲ. ಗಾಡಿಯ ಮುಂದೆ ಹತ್ತು ರೂಪಾಯಿಗೆ ಹತ್ತು ಪ್ರಶ್ನೆ, ಇಲ್ಲಿ ಇನ್ನೂರು ರೂಪಾಯಿಗೆ ಮೌನ. ಗಾಡಿಯವರಿಗೆ ಕೇಳುವುದನ್ನೆಲ್ಲ ಪೊಟ್ಟಣಕ್ಕೂ ಕೇಳುವುದು ಹೇಗೆಂದು ಕಲಿಸುವುದೇ ಸದರಿ ಕೈಪಿಡಿಯ ಉದ್ದೇಶ. ಪೊಟ್ಟಣಕ್ಕೆ ಬಾಯಿಲ್ಲ ಎಂದುಕೊಳ್ಳಬೇಡಿ. ಬಾಯಿ ಮುಂದುಗಡೆ ಇದೆ, ಸತ್ಯ ಹಿಂದುಗಡೆ.

1. ಭಾಗಗಳ ಪರಿಚಯ

*ಮುಖ.* ಇಬ್ಬನಿ ಹನಿ ಹೊತ್ತ ಬಟಾಣಿ, ಸೂರ್ಯೋದಯ, ಯಾರೂ ಕೆಲಸ ಮಾಡದ ಹೊಲ. ಚಿತ್ರ ಕೇವಲ ತೋರಿಕೆಗೆ ಎಂಬ ಅರ್ಥದ ಸಾಲೊಂದು ಮೂಲೆಯಲ್ಲಿರುತ್ತದೆ. ಅದು ಕಂಡರೆ ನಿಮ್ಮ ಕನ್ನಡಕದ ನಂಬರು ಸರಿಯಾಗಿದೆ ಎಂದರ್ಥ.

*ಬೆನ್ನು.* ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಗ್ರಾಹಕ ಸೇವೆಯ ಫೋನು. ಕಾನೂನು ಬರೆಸಿದ್ದು ಇಲ್ಲಿದೆ, ಜಾಹೀರಾತಿನವರು ಬರೆದದ್ದು ಮುಖದ ಮೇಲಿದೆ. ಯಾವುದರ ಅಕ್ಷರ ದೊಡ್ಡದು ಎಂದು ಅಳೆಯುವ ಕೆಲಸ ಬಳಕೆದಾರರಿಗೆ ಬಿಟ್ಟಿದ್ದು.

*ಕಿಟಕಿ.* ಒಳಗಿರುವುದು ಕಾಣಲಿ ಎಂದು ಬಿಟ್ಟ ಪಾರದರ್ಶಕ ಜಾಗ. ಈಚಿನ ಫ್ಯಾಷನ್.

*ಜಿಪ್.* ಮತ್ತೆ ಮುಚ್ಚಲು ಇಟ್ಟದ್ದು. ಇದರ ಪ್ರತ್ಯೇಕ ಅಧ್ಯಾಯ ಮುಂದಿದೆ. ಅಲ್ಲಿಯವರೆಗೆ ತಾಳ್ಮೆ ಉಳಿಸಿಕೊಳ್ಳಿ.

*ಕಚ್ಚು.* ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸೀಳು, ಪಕ್ಕದಲ್ಲಿ “ಇಲ್ಲಿ ಹರಿಯಿರಿ” ಎಂಬ ಆದೇಶ.

*ಪುಟ್ಟ ಪೊಟ್ಟಣ.* ಒಣಹಣ್ಣಿನ ಚೀಲದೊಳಗಿನ ಬಿಳಿ ಚೀಟಿ. ತೇವವನ್ನೋ ಆಮ್ಲಜನಕವನ್ನೋ ಹೀರುತ್ತದೆ. ಕೊಸರು ಎಂದು ಭಾವಿಸಿ ತಿನ್ನತಕ್ಕದ್ದಲ್ಲ.

2. ಜಾತಿವಾರು ವಿಚಾರಣೆ

ಮುಟ್ಟುವ ಮೊದಲು ಎದುರಿಗಿರುವುದು ಯಾವ ಜಾತಿಯ ಪೊಟ್ಟಣ ಎಂದು ತಿಳಿಯತಕ್ಕದ್ದು. ಒಂದೊಂದರ ಕೆಲಸ ಒಂದೊಂದು. ಕೆಲಸ ಗೊತ್ತಾದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

*ಹೆಪ್ಪುಗಟ್ಟಿದ ಚೀಲ.* ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿಯ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಥಟ್ಟನೆ ಗಟ್ಟಿಯಾಗುವುದನ್ನು ನೋಡಿದ. ತಿಂಗಳುಗಳ ಮೇಲೆ ಬೇಯಿಸಿದರೂ ಅದರ ರುಚಿ ಕೆಟ್ಟಿರಲಿಲ್ಲ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಬೆಳೆದು ಜೀವಕೋಶದ ಗೋಡೆಯನ್ನು ಸೀಳುತ್ತದೆ. ಕರಗಿದಾಗ ನೀರೆಲ್ಲ ಸೋರಿ ತರಕಾರಿ ಜೋತುಬೀಳುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಚಿಕ್ಕದು, ಹಾನಿ ಕಡಿಮೆ. ಬರ್ಡ್ಸ್‌ಐ ಮಾಡಿದ್ದೇನೆಂದರೆ ಪೊಟ್ಟಣವನ್ನೇ ಯಂತ್ರದ ಭಾಗವಾಗಿಸಿದ್ದು: ಮೇಣ ಸವರಿದ ಚಪ್ಪಟೆ ರಟ್ಟಿನ ಪೆಟ್ಟಿಗೆಗೆ ತುಂಬಿ, ಕೊರೆಯುವ ಲೋಹದ ಹಲಗೆಗಳ ನಡುವೆ ಒತ್ತುವುದು. 1930ರ ಮಾರ್ಚ್‌ನಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟಾಗ ಅದರಲ್ಲಿ ಬಟಾಣಿಯೂ ಇತ್ತು, ಪಾಲಕ್ಕೂ ಇತ್ತು.

ಆ ಪೆಟ್ಟಿಗೆಯೊಳಗಿನದು ಇಟ್ಟಿಗೆ. ಒಂದು ಹಿಡಿ ಬೇಕೆಂದರೂ ಪೂರ್ತಿ ಕರಗಿಸಬೇಕಿತ್ತು. ಈಗ ಕೆಳಗಿನಿಂದ ಜೋರಾಗಿ ನುಗ್ಗುವ ತಣ್ಣನೆಯ ಗಾಳಿ ಕಾಳುಗಳನ್ನು ಕುಣಿಸುತ್ತ ಒಂದೊಂದನ್ನೂ ಬಿಡಿಯಾಗಿ ಹೆಪ್ಪುಗಟ್ಟಿಸುತ್ತದೆ. ಕಾರ್ಖಾನೆಯವರು ಐಕ್ಯೂಎಫ್ ಎನ್ನುವುದು ಇದಕ್ಕೇ. ಕಾಳು ಬಿಡಿಯಾಯಿತು, ಆದ್ದರಿಂದ ಸುರಿಯಬಹುದಾಯಿತು. ಸುರಿಯಬಹುದಾದ್ದರಿಂದ ರಟ್ಟಿನ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಚೀಲದಲ್ಲಿ ಅರ್ಧ ಉಳಿಯುವುದರಿಂದ ಜಿಪ್ ಬಂತು. ಪೊಟ್ಟಣದ ಫ್ಯಾಷನ್ನುಗಳೆಲ್ಲ ಜಾಹೀರಾತಿನವರ ತಲೆಯಿಂದಲೇ ಹುಟ್ಟುವುದಿಲ್ಲ. ಎಷ್ಟೋ ಫ್ಯಾಷನ್ನಿನ ಬೇರು ಇಂಥ ಯಂತ್ರದಲ್ಲಿರುತ್ತದೆ.

ಈ ಜಾತಿಗೆ ಒಂದು ನ್ಯಾಯ ಸಲ್ಲಿಸಬೇಕು. ಬಟಾಣಿ ಬಳ್ಳಿಯಿಂದ ಬಿಟ್ಟ ಗಳಿಗೆಯಿಂದ ಅದರ ಸಿಹಿ ಹಿಟ್ಟಾಗುತ್ತ ಹೋಗುತ್ತದೆ. ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ, ಕೆಡಿಸುವ ಕಿಣ್ವಗಳನ್ನು ಅಡಗಿಸಿ, ಹೆಪ್ಪುಗಟ್ಟಿಸಿದ ಕಾಳು ಲಾರಿಯಲ್ಲಿ ಮೂರು ದಿನ ಬೆವರಿ ಬಂದ “ತಾಜಾ” ಕಾಯಿಗಿಂತ ಸಿಹಿಯಾಗಿದ್ದರೆ ಅಚ್ಚರಿಯಿಲ್ಲ. ಸಿಪ್ಪೆ ಬಿಡಿಸಿದಾಗ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಚೌಕಾಸಿ ಮಾಡುವವರಿಗೆ ಎದುರಾಳಿಯ ಬಲ ಗೊತ್ತಿರಬೇಕು.

*ಡಬ್ಬ.* ಅನಾನಸು ಡಬ್ಬ, ಬೀನ್ಸ್ ಡಬ್ಬ ಒಂದೇ ಎತ್ತರ, ಒಂದೇ ಹೊಳಪು. ಒಳಗಿನ ಕಾನೂನು ಬೇರೆ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ 4.6 ಎಂಬುದು ಗಡಿ. ಅದಕ್ಕಿಂತ ಕೆಳಗಿನ ಹುಳಿಹಣ್ಣುಗಳಿಗೆ ಕುದಿಯುವ ನೀರಿನ ಶಾಖ ಸಾಕು. ಗಡಿಯ ಮೇಲಿರುವ ಬಟಾಣಿ, ಬೀನ್ಸ್, ಜೋಳ, ಅಣಬೆಗಳಿಗೆ ಸಾಲದು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಆ ಶಾಖವನ್ನು ತಾಳಿಕೊಂಡು, ಗಾಳಿಯಿಲ್ಲದ ಡಬ್ಬದೊಳಗೇ ಬೆಳೆದು ಮಾರಕ ನಂಜು ಬಿಡುತ್ತದೆ. ಅದಕ್ಕಾಗಿಯೇ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸುವುದು. ಆ ಬೇಗೆಗೆ ಬಟಾಣಿಯ ಹಸಿರು ಹೋಗಿ ಮಂಕು ಪಾಚಿಬಣ್ಣ ಬರುತ್ತದೆ. ಡಬ್ಬದ ಬಟಾಣಿ ಗಿಣಿಹಸಿರಾಗಿ ಕಂಡರೆ ಬೆನ್ನು ತಿರುಗಿಸಿ, ಪದಾರ್ಥಗಳ ಪಟ್ಟಿಯಲ್ಲಿ ಬಣ್ಣದ ಹೆಸರು ಹುಡುಕಿ.

*ಮಡಚಬಹುದಾದ ಡಬ್ಬ, ಅರ್ಥಾತ್ ರಿಟಾರ್ಟ್ ಪೌಚ್.* ಬಿಸಿನೀರಿನಲ್ಲಿಟ್ಟು ಕತ್ತರಿಸಿದರೆ ಪಲ್ಯವೋ ಸಾಗುವೋ ಸಿದ್ಧವಾಗುವ ಪೊಟ್ಟಣ ಇದು. ಖಾಲಿಯಾದ ಮೇಲೆ ತೊಳೆದು, ಅಂಚನ್ನು ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಒಂದೇ ಹಾಳೆ ಎಂದುಕೊಂಡಿದ್ದು ಪದರ ಪದರ. ಹೊರಗೆ ಮುದ್ರಣ ಹೊತ್ತ ಪಾಲಿಯೆಸ್ಟರ್, ಸುಮಾರು 12 ಮೈಕ್ರಾನ್. ನಡುವೆ ಅದಕ್ಕಿಂತಲೂ ತೆಳುವಾದ ಅಲ್ಯೂಮಿನಿಯಂ ಹಾಳೆ. ಬೆಳಕು, ಗಾಳಿ, ತೇವ ಮೂರಕ್ಕೂ ಅಲ್ಲೇ ತಡೆ. ಒಳಗೆ ಬೆಸುಗೆ ಹಿಡಿಯುವ ದಪ್ಪ ಪಾಲಿಪ್ರಾಪಿಲಿನ್. ಕೆಲವದರಲ್ಲಿ ಚುಚ್ಚಿದರೆ ತೂತಾಗದಿರಲಿ ಎಂದು ನೈಲಾನ್ ಕೂಡ. ಉಗುರಿನಿಂದ ಕೆದಕಿದರೆ ಪದರ ಬಿಡುತ್ತದೆಯೇ ನೋಡಿ. ಬಿಡುವುದಿಲ್ಲ. ಈ ಅಂಶವನ್ನು ನೆನಪಿಡಿ, ವಿಲೇವಾರಿಯ ಅಧ್ಯಾಯದಲ್ಲಿ ಬೇಕಾಗುತ್ತದೆ.

ಚಪ್ಪಟೆಯಾಗಿರುವುದರಿಂದ ಶಾಖ ಬೇಗ ನಡುವಿಗೆ ತಲುಪುತ್ತದೆ, ಡಬ್ಬದಲ್ಲಿ ಆಗುವಷ್ಟು ಅತಿಬೇಯುವಿಕೆ ಇಲ್ಲಿಲ್ಲ. ಸೈನಿಕರ ಬೆನ್ನಿಗೆ ಡಬ್ಬಕ್ಕಿಂತ ಹಗುರ. ಇದನ್ನು ನಮ್ಮ ಅಡುಗೆಗೆ ಹೊಂದಿಸುವ ಕೆಲಸದಲ್ಲಿ ದುಡಿದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್, 1961ರಲ್ಲಿ ಸ್ಥಾಪನೆಯಾದದ್ದು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಭಾರತೀಯ ಊಟ ಕಟ್ಟಿಕೊಟ್ಟದ್ದೂ ಅವರೇ. ಹಿಮಾಲಯದ ಬಂಕರಿಗೆಂದು ಹೊರಟ ಪೊಟ್ಟಣ ಇವತ್ತು ಹೆಚ್ಚಾಗಿ ತೆರೆಯುವುದು ಪಿಜಿ ಹಾಸ್ಟೆಲುಗಳಲ್ಲಿ, ರಾತ್ರಿ ಹನ್ನೊಂದರ ನಂತರ.

*ರಟ್ಟಿನ ಪೆಟ್ಟಿಗೆ.* ಟೊಮೆಟೊ ಪ್ಯೂರಿ, ಮಾವಿನ ಪಾನೀಯ. ಸ್ವೀಡನ್ನಿನ ರೂಬೆನ್ ರೌಸಿಂಗ್ 1951ರಲ್ಲಿ ಟೆಟ್ರಾ ಪ್ಯಾಕ್ ಕಂಪನಿ ಕಟ್ಟಿದ. ಆರಂಭದ ಪೆಟ್ಟಿಗೆ ನಾಲ್ಕು ಮುಖಗಳ ಗೋಪುರ, ಈಗಿನದು ಇಟ್ಟಿಗೆ. ಒಳಗಿನದನ್ನು ಬೇರೆಯಾಗಿ, ಪೆಟ್ಟಿಗೆಯನ್ನು ಬೇರೆಯಾಗಿ ಸೂಕ್ಷ್ಮಾಣುಮುಕ್ತಗೊಳಿಸಿ ನಂತರ ಕೂಡಿಸುವುದು ಇಲ್ಲಿಯ ಗುಟ್ಟು. ತೂಕದ ಮುಕ್ಕಾಲು ಪಾಲು ಕಾಗದವೇ ನಿಜ, ಉಳಿದದ್ದು ಪಾಲಿಥಿನ್ ಮತ್ತು ಅಲ್ಯೂಮಿನಿಯಂ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ಪೆಟ್ಟಿಗೆಯ ಬೆನ್ನಿಗೆ ಕಾಗದದ ಸ್ಟ್ರಾ ಅಂಟಿಕೊಂಡಿತು. ಪರಿಸರ ಪ್ರೇಮದ ಈ ಕುರುಹು ನಾಲ್ಕನೇ ಗುಟುಕಿಗೆ ಮೆತ್ತಗಾಗುತ್ತದೆ.

ಇದೇ ತತ್ವದ ದೊಡ್ಡಣ್ಣ ನಿಮಗೆ ಅಂಗಡಿಯಲ್ಲಿ ಕಾಣುವುದಿಲ್ಲ: 200 ಲೀಟರಿನ ಉಕ್ಕಿನ ಪೀಪಾಯಿ, ಅದರೊಳಗೆ ಪದರಗಳ ಚೀಲ, ಚೀಲದೊಳಗೆ ತೋತಾಪುರಿಯ ತಿರುಳು. ಕೋಲಾರದ ಶ್ರೀನಿವಾಸಪುರದ ಕಡೆಯ ತೋತಾಪುರಿ ಚಿತ್ತೂರು, ಕೃಷ್ಣಗಿರಿಗಳ ತಿರುಳು ಕಾರ್ಖಾನೆಗಳನ್ನು ನಂಬಿಕೊಂಡಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಇಲ್ಲಿಯ ಬೆಳೆಗಾರರು ಕಂಗಾಲಾದರು, ಎರಡು ರಾಜ್ಯಗಳ ನಡುವೆ ಪತ್ರಗಳು ಓಡಾಡಿದವು. ಬೇಸಿಗೆಯಲ್ಲಿ ಕುಡಿಯುವ ಪಾನೀಯದ ಮುಖದ ಮೇಲೆ ಒಂದು ಮಾವಿನಹಣ್ಣಿದೆ. ಪೀಪಾಯಿಯೂ ಇಲ್ಲ, ಪತ್ರವೂ ಇಲ್ಲ.

*ಗಾಜಿನ ಭರಣಿ.* ವಿನೆಗರಿನಲ್ಲಿ ಮುಳುಗಿದ ಮಿಡಿಸೌತೆ. ಕರ್ನಾಟಕ ಈ ಬೆಳೆಯ ಮುಖ್ಯ ನೆಲೆ; ಬೆಳೆಯುವವರು ಹೆಚ್ಚಿನವರು ಸಣ್ಣ ರೈತರು, ಕೊಳ್ಳುವವರು ಒಪ್ಪಂದ ಮಾಡಿಕೊಂಡ ಕಂಪನಿಗಳು. ಕಿರುಬೆರಳಿನ ಗಾತ್ರ ದಾಟಿದರೆ ದರ ಇಳಿಯುತ್ತದೆ, ಹಾಗಾಗಿ ದಿನವೂ ಕೊಯ್ಯಬೇಕು. ಪೀಪಾಯಿಯಲ್ಲಿ ಹೋದದ್ದು ಪರದೇಶದಲ್ಲಿ ಭರಣಿಗೆ ಇಳಿದು ಅಲ್ಲಿಯ ಬ್ರ್ಯಾಂಡಿನ ಹೆಸರು ಹೊತ್ತುಕೊಳ್ಳುತ್ತದೆ. ಆ ಭರಣಿ ಬೆಂಗಳೂರಿನ ಮಾಲಿನ “ಆಮದು” ಕಪಾಟಿಗೆ ಬಂದು ಕುಳಿತಿದ್ದರೆ ತಯಾರಿಸಿದ ದೇಶದ ಹೆಸರನ್ನು ಓದಿ ನೋಡಿ. ಊರಿನ ಕೂಸೇ ಇರಬಹುದು.

3. ಆಯ್ಕೆ ಮಾಡುವ ವಿಧಾನ

ಹಂತ ಒಂದು: ಒತ್ತಿ. ಹೆಪ್ಪುಗಟ್ಟಿದ ಬಟಾಣಿಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಅಲ್ಲಾಡಿಸಿ. ಕಾಳು ಜಲಜಲ ಎನ್ನಬೇಕು. ಇಡೀ ಚೀಲ ಒಂದೇ ಗಡ್ಡೆಯಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಲಾರಿಯಲ್ಲೋ, ಗೋದಾಮಿನಲ್ಲೋ, ರಾತ್ರಿ ಕರೆಂಟ್ ಹೋದಾಗಲೋ ಎಂದು ಬೆನ್ನಿನ ಯಾವ ಸಾಲೂ ಹೇಳುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿಡಿ ಎಂದು ನಿಮಗೆ ಆಜ್ಞೆ ಮಾಡುವ ಪೊಟ್ಟಣ, ತಾನು ಅಲ್ಲಿಯವರೆಗೆ ಯಾವ ಡಿಗ್ರಿಯಲ್ಲಿತ್ತು ಎಂಬುದನ್ನು ಬಾಯಿಬಿಡದು. ಬಾಯಿಬಿಡಿಸಲು ನಿಮ್ಮ ಕೈಯೇ ಗತಿ. ಕಾವಲುಗಾರ ದುರುಗುಟ್ಟಿದರೆ, ಬೆಂಡೆಕಾಯಿ ಮುರಿದಾಗ ಬೈಸಿಕೊಂಡದ್ದನ್ನು ನೆನೆದು ಮುಂದುವರಿಯಿರಿ.

ಹಂತ ಎರಡು: ಕಿಟಕಿಗೆ ಮರುಳಾಗಬೇಡಿ. ಬೆಳಕು ಹಸಿರಿನ ವೈರಿ. ಬಹುಪಾಲು ಚೀಲಗಳು ಅಪಾರದರ್ಶಕವಾಗಿದ್ದುದು ಮುಚ್ಚಿಡುವ ಬುದ್ಧಿಯಿಂದಲ್ಲ, ಕಾಪಾಡುವ ಬುದ್ಧಿಯಿಂದ. ಈಗ “ಪಾರದರ್ಶಕತೆ” ಎಂಬ ಮೌಲ್ಯಕ್ಕೆ ಬೆಲೆ ಬಂದು, ಸರಕಿನ ಹಿತಕ್ಕೆ ಮುಚ್ಚಿದ್ದನ್ನು ಗಿರಾಕಿಯ ಸಮಾಧಾನಕ್ಕೆ ತೆರೆಯಲಾಗಿದೆ. ಗಾಡಿಯವರೂ ಒಳ್ಳೆಯ ಟೊಮೆಟೊವನ್ನೇ ಮುಂದಿನ ಸಾಲಿಗೆ ಜೋಡಿಸುತ್ತಾರೆ. ಕಿಟಕಿ ಆ ಮುಂದಿನ ಸಾಲು.

ಹಂತ ಮೂರು: ಕಂದು ಬಣ್ಣವನ್ನು ಪರೀಕ್ಷಿಸಿ. ಒಣಹಣ್ಣು, ಹಲಸಿನ ಚಿಪ್ಸ್, ಬಾಳೆಕಾಯಿ ಪುಡಿಯ ಪೊಟ್ಟಣಗಳೆಲ್ಲ ಈಗ ಹೊಳಪು ಬಿಟ್ಟು ಖಾಕಿ ಕಾಗದದ ವೇಷ ಹಾಕಿವೆ. ಕೈಬರಹದಂಥ ಅಕ್ಷರ, ಅಜ್ಜಿಯ ರೇಖಾಚಿತ್ರ, ಸೆಣಬಿನ ದಾರದ ಮುದ್ರಿತ ಗಂಟು. ಮನೆಗೆ ಬಂದ ಮೇಲೆ ಮೂಲೆ ಹರಿಯಿರಿ. ನಾರು ಎದ್ದರೆ ಕಾಗದ. ನಾರಿನ ಹಿಂದೆ ಬೆಳ್ಳಿ ಹೊಳೆದರೆ ಕಾಗದ ಹೊದ್ದ ಪ್ಲಾಸ್ಟಿಕ್ಕು. ನಾರೇ ಇಲ್ಲದಿದ್ದರೆ ಕಾಗದದ ಬಣ್ಣ ಬಳಿದುಕೊಂಡ ಪ್ಲಾಸ್ಟಿಕ್ಕು. ಒಳಗಿನ ಚಿಪ್ಸ್ ಗರಿಗರಿಯಾಗಿ ಉಳಿಯಲು ತೇವ ತಡೆಯುವ ಪದರ ಬೇಕೇ ಬೇಕು, ಅದನ್ನು ಆಕ್ಷೇಪಿಸುವಂತಿಲ್ಲ. ಹಳ್ಳಿಯ ಸಂತೆಯಲ್ಲಿ ಸಿಗದ ಹಳ್ಳಿತನಕ್ಕೆ ನೀವು ಕೊಡುತ್ತಿರುವ ಹೆಚ್ಚುವರಿ ನಲವತ್ತು ರೂಪಾಯಿಯನ್ನು ಮಾತ್ರ ಆಕ್ಷೇಪಿಸಬಹುದು.

ಹಂತ ನಾಲ್ಕು: ಬೆನ್ನು ತಿರುಗಿಸಿ. ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಮಾವಿನ ಪಾನೀಯದಲ್ಲಿ ಮೊದಲ ಹೆಸರು ನೀರು, ಎರಡನೆಯದು ಹೆಚ್ಚಾಗಿ ಸಕ್ಕರೆ. ಸಾಂದ್ರೀಕರಿಸಿದ ರಸಕ್ಕೆ ಮತ್ತೆ ನೀರು ಬೆರೆಸಿದವರು “ಶೇ 100 ಹಣ್ಣಿನ ರಸ” ಎಂದು ಬರೆಯಕೂಡದೆಂದು 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹೇಳಬೇಕಾಯಿತು. ಸಕ್ಕರೆ ಪಾಕದಲ್ಲಿ ತೇಲುವ ಹಣ್ಣಿನ ಡಬ್ಬದಲ್ಲಿ ನಿವ್ವಳ ತೂಕ ಒಂದು, ಪಾಕ ಬಸಿದ ಮೇಲಿನ ತೂಕ ಇನ್ನೊಂದು. ನೀವು ಕೊಳ್ಳುತ್ತಿರುವುದು ಎರಡನೆಯದನ್ನು.

ಬೆಲೆಯ ಪಕ್ಕದಲ್ಲಿ ಪ್ರತಿ ಗ್ರಾಂ ಬೆಲೆಯನ್ನೂ ಮುದ್ರಿಸಬೇಕೆಂದು ಈಗ ನಿಯಮವಿದೆ. ಅದು ಗಾಡಿಯವರಿಗೆ ಕೇಳುವ “ಕೆಜಿಗೆ ಎಷ್ಟು?” ಎಂಬ ಪ್ರಶ್ನೆಗೆ ಪೊಟ್ಟಣ ಕೊಡುವ ಉತ್ತರ, ಆದರೆ ಪೈಸೆಗಳಲ್ಲಿ ಪಿಸುಗುಟ್ಟುತ್ತದೆ. ಗ್ರಾಂಗೆ 45 ಪೈಸೆ ಎಂದಿದ್ದರೆ ಸಾವಿರದಿಂದ ಗುಣಿಸಿ, ಕಿಲೋಗೆ 450 ರೂಪಾಯಿ ಎಂದು ತುಸು ಜೋರಾಗಿ ಹೇಳಿಕೊಳ್ಳಿ. ಪಕ್ಕದವರೂ ಕೇಳಿಸಿಕೊಳ್ಳಲಿ. ಪುಟ್ಟ ಕುಟುಂಬಕ್ಕೆಂದು ಬಂದಿರುವ 100, 200 ಗ್ರಾಮಿನ ಪೊಟ್ಟಣಗಳ ಮುಂದೆ ಈ ಗುಣಾಕಾರ ವಿಶೇಷ ಫಲ ಕೊಡುತ್ತದೆ.

4. ತೆರೆಯುವ ವಿಧಾನ

ಪೊಟ್ಟಣವನ್ನು ಮುಚ್ಚಲು ಕಲಿತ ಮನುಷ್ಯ ತೆರೆಯಲು ಕಲಿತದ್ದು ತಡವಾಗಿ. ಫ್ರಾನ್ಸಿನ ನಿಕೊಲಾ ಅಪೆರ್ ಗಾಜಿನ ಸೀಸೆಗಳಲ್ಲಿ ತರಕಾರಿ, ಹಣ್ಣು ತುಂಬಿ, ಬಿರಡೆ ಬಿಗಿದು, ಕುದಿಸಿ ಕೆಡದಂತೆ ಇಡುವ ವಿಧಾನಕ್ಕಾಗಿ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಏಕೆ ಕೆಡುವುದಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ; ಪಾಶ್ಚರ್ ಬಂದು ಹೇಳಲು ಇನ್ನೂ ಅರ್ಧ ಶತಮಾನವಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರ ಬಳಿದ ಡಬ್ಬಕ್ಕೆ ಪೇಟೆಂಟ್ ತೆಗೆದ. ಡಬ್ಬ ತೆರೆಯುವ ಸಲಕರಣೆ ಬಂದದ್ದು 1850ರ ದಶಕದಲ್ಲಿ. ನಡುವಿನ ನಲವತ್ತು ಚಿಲ್ಲರೆ ವರ್ಷ? 1824ರಲ್ಲಿ ಆರ್ಕ್ಟಿಕ್ ಕಡೆ ಹೊರಟ ಇಂಗ್ಲೆಂಡಿನ ನಾವಿಕ ಪ್ಯಾರಿಯ ಹಡಗಿನ ಡಬ್ಬವೊಂದರ ಮೇಲೆ ಸೂಚನೆ ಇತ್ತು: ಉಳಿ, ಸುತ್ತಿಗೆಯಿಂದ ಅಂಚಿನ ಸುತ್ತ ಕಡಿಯತಕ್ಕದ್ದು ಎಂದು. ನಮ್ಮ ಕೈಪಿಡಿ ಪರಂಪರೆಯ ಆದಿಪುರುಷ ಆ ಸಾಲು.

ಇಂದಿನ ಕ್ರಮ: ಕಚ್ಚು ಹುಡುಕಿ. ಬೆರಳಿನಿಂದ ಎಳೆಯಿರಿ. ಬರದಿದ್ದರೆ ಕೈ ಒರೆಸಿಕೊಂಡು ಎಳೆಯಿರಿ. ನಂತರ ಹಲ್ಲು. ನಂತರ, ಮೊದಲೇ ತೆಗೆದುಕೊಳ್ಳಬೇಕಾಗಿದ್ದ ಕತ್ತರಿ. ಕಚ್ಚಿನಿಂದ ಹೊರಟ ಸೀಳು ನೇರ ಹೋಗದೆ ಜಿಪ್‌ನ ಕೆಳಗೆ ಇಳಿದರೆ ಮುಂದಿನ ಅಧ್ಯಾಯ ಓದುವ ಅಗತ್ಯವಿಲ್ಲ.

5. ಮತ್ತೆ ಮುಚ್ಚುವ ವಿಧಾನ

ಜಿಪ್‌ನ ಎರಡು ತುಟಿಗಳ ನಡುವೆ ಒಂದು ಜೋಳದ ಕಾಳಾಗಲಿ ಮಂಜಿನ ಚೂರಾಗಲಿ ಸಿಕ್ಕಿಕೊಂಡಿರದಿದ್ದರೆ ಅದು ಮುಚ್ಚುತ್ತದೆ. ಸಿಕ್ಕಿಕೊಂಡಿರುತ್ತದೆ. ಒಳಗಿನ ಗಾಳಿ ಹೊರಡಿಸಿ, ಬಾಯಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಅಥವಾ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ. ಈ ತಂತ್ರಜ್ಞಾನಕ್ಕೆ ಪೇಟೆಂಟ್ ಇಲ್ಲ.

6. ತೊಂದರೆ ಮತ್ತು ಪರಿಹಾರ

*ಚೀಲದೊಳಗೆ ಮಂಜಿನ ಪುಡಿ.* ಫ್ರೀಜರಿನ ಶಾಖ ಏರಿಳಿದಾಗ ಕಾಳಿನೊಳಗಿನ ನೀರೇ ಹೊರಬಂದು ಕುಳಿತದ್ದು. ತಿನ್ನಬಹುದು, ಕಾಳು ಮಾತ್ರ ಒಣಗಿರುತ್ತದೆ. ಬೆಳ್ಳಗೆ ಬಿರುಸಾದ ಕಲೆಗಳೂ ಅದೇ ಕಾರಣದವು. ಸಾಗುವಿಗೆ ಹಾಕಿ, ಅತಿಥಿಗಳ ಪಲಾವಿಗೆ ಬೇಡ.

*ಡಬ್ಬ ಅಥವಾ ಪೌಚ್ ಉಬ್ಬಿದೆ.* ಇಲ್ಲಿ ತಮಾಷೆ ಇಲ್ಲ. ಒಳಗೆ ಏನೋ ಬೆಳೆದು ಅನಿಲ ಬಿಟ್ಟಿದೆ. ತೆರೆಯಬೇಡಿ, ಮೂಸಬೇಡಿ, ನಾಲಿಗೆಗೆ ತಾಗಿಸಿ ನೋಡಬೇಡಿ, ದನಕ್ಕೂ ಹಾಕಬೇಡಿ. ಬಿಸಾಡಿ. ಬಾಟುಲಿನಂ ನಂಜಿಗೆ ಬಣ್ಣ, ವಾಸನೆ, ರುಚಿಯ ಗುರುತು ಇರಲೇಬೇಕೆಂದಿಲ್ಲ.

*ಚಿಪ್ಸ್ ಪೊಟ್ಟಣ ಉಬ್ಬಿದೆ.* ಹೆದರಬೇಡಿ. ಅದು ನೈಟ್ರೋಜನ್, ಎಣ್ಣೆ ಕಮಟಾಗದಿರಲಿ, ಚಿಪ್ಸ್ ಪುಡಿಯಾಗದಿರಲಿ ಎಂದು ತುಂಬಿದ್ದು.

*ಕರೆಂಟ್ ಹೋಗಿದೆ.* ಬಾಗಿಲು ತೆರೆದು “ಕರಗಿದೆಯಾ” ಎಂದು ನೋಡುವುದೇ ಕರಗಲು ಮುಖ್ಯ ಕಾರಣ. ತುಂಬಿದ ದೊಡ್ಡ ಫ್ರೀಜರ್ ಮುಚ್ಚಿಯೇ ಇದ್ದರೆ ಎರಡು ದಿನದವರೆಗೂ ತಾಳುತ್ತದೆ. ಫ್ರಿಜ್ಜಿನ ಮೇಲಂತಸ್ತಿನ ಪುಟ್ಟ ಖಾನೆಯಿಂದ ಅಷ್ಟು ನಿರೀಕ್ಷಿಸಬೇಡಿ.

*ಪೊಟ್ಟಣಕ್ಕೆ ವಾಸನೆಯೇ ಇಲ್ಲ.* ಇದು ದೋಷವಲ್ಲ, ಉದ್ದೇಶ. ಅನುಬಂಧ ನೋಡಿ.

ಅನುಬಂಧ: ಹೊರದೇಶದ ಬಳಕೆದಾರರಿಗೆ

ನ್ಯೂಜೆರ್ಸಿಯ ಎಡಿಸನ್ ಕಡೆಯ ಇಂಡಿಯನ್ ಸ್ಟೋರಿನಲ್ಲಿ ಫ್ರೀಜರಿನ ಬಾಗಿಲುಗಳು ಉದ್ದಕ್ಕೂ ಸಾಲಾಗಿವೆ: ತುರಿದ ತೆಂಗಿನಕಾಯಿ, ನುಗ್ಗೆಕಾಯಿ, ಮೆಂತ್ಯಸೊಪ್ಪು, ಹಲಸಿನ ತೊಳೆ. ಎದುರಿನ ಕಪಾಟಿನಲ್ಲಿ ಮಾವಿನ ತಿರುಳಿನ 850 ಗ್ರಾಮಿನ ಡಬ್ಬ. ಅವರೆಕಾಳು ಬೇಕಾದರೆ ಅವರೆ ಎಂದು ಹುಡುಕಬೇಡಿ. ಗುಜರಾತಿ ಹೆಸರಿನ “ಪಾಪ್ಡಿ ಲಿಲ್ವಾ” ಪೊಟ್ಟಣ ತೆಗೆಯಿರಿ. ಡಿಸೆಂಬರ್‌ನಲ್ಲಿ ಊರಿಗೆ ಫೋನ್ ಮಾಡಿದಾಗ ಈ ಸಂಭಾಷಣೆ ನಡೆಯುವುದು ಸಹಜ:

“ಅಮ್ಮಾ, ಇಲ್ಲೂ ಅವರೆಕಾಳು ಸಿಕ್ತು.”

“ಸೊಗಡಿದೆಯೇನೇ?”

“ಫ್ರೋಜನ್ನಮ್ಮ. ಸೊಗಡೆಲ್ಲಿಂದ ಬರುತ್ತೆ?”

“ಹಾಗಾದ್ರೆ ಸ್ವಲ್ಪ ಇಂಗು ಜಾಸ್ತಿ ಹಾಕು.”

ಅವರೆಯ ಸೊಗಡು ಸಿಪ್ಪೆಯ ಮೇಲಿನ ಅಂಟಿನದು. ಸಿಪ್ಪೆ ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಹೆಪ್ಪುಗಟ್ಟಿಸಿ, ಪದರಗಳೊಳಗೆ ಮುಚ್ಚಿದ ಮೇಲೆ ಅದು ಉಳಿಯುವುದಿಲ್ಲ. ಉಳಿದಿದ್ದರೂ ಪೊಟ್ಟಣ ಹೊರಗೆ ಬಿಡುತ್ತಿರಲಿಲ್ಲ, ಪಕ್ಕದ ಐಸ್‌ಕ್ರೀಮಿನವರು ಜಗಳಕ್ಕೆ ಬರುತ್ತಿದ್ದರು. ಮೂಗಿಗೆ ಕೆಲಸವಿಲ್ಲದ ಕಡೆ ಕಣ್ಣಿಗೆ ಇಮ್ಮಡಿ ಕೆಲಸ. ಹಾಗಾಗಿ ಅಲ್ಲಿರುವವರು ದಿನಾಂಕವನ್ನೂ, ಮಂಜಿನ ಪುಡಿಯನ್ನೂ ಇಮ್ಮಡಿ ಗಮನವಿಟ್ಟು ನೋಡತಕ್ಕದ್ದು. ಆ ಪೊಟ್ಟಣ ಸಮುದ್ರ ದಾಟಿ ಬಂದಿದೆ.

7. ವಿಲೇವಾರಿ

ಪೊಟ್ಟಣದ ಮೇಲೆ ಕಸದಬುಟ್ಟಿಗೆ ಹಾಕುತ್ತಿರುವ ಶಿಸ್ತಿನ ಮನುಷ್ಯನ ಚಿತ್ರವಿದೆ. ಅವನು ಯಾವ ಬುಟ್ಟಿಗೆ ಹಾಕುತ್ತಿದ್ದಾನೆ ಎಂದು ಚಿತ್ರ ತಿಳಿಸುವುದಿಲ್ಲ. ಹಸಿಕಸ ಬೇರೆ, ಒಣಕಸ ಬೇರೆ ಎಂದು ಪಾಲಿಕೆ ಕಲಿಸಿರುವುದರಿಂದ ತೊಳೆದು, ಒಣಗಿಸಿ, ಒಣಕಸಕ್ಕೆ ಹಾಕಿ. ಮುಂದಿನದನ್ನು ತಿಳಿಯಲು ಯಾವ ಪರಿಸರ ವರದಿಯನ್ನೂ ಓದಬೇಕಾಗಿಲ್ಲ. ಎಲ್ಲವನ್ನೂ ಒಂದು ಗೋಣಿಗೆ ತುಂಬಿ ಹತ್ತಿರದ ಗುಜರಿ ಅಂಗಡಿಗೆ ಹೋಗಿ.

ಗುಜರಿಯವರ ತಕ್ಕಡಿ ಯಾವ ಜಾಹೀರಾತನ್ನೂ ಓದಿಲ್ಲ. ರಟ್ಟು ಕೊಳ್ಳುತ್ತಾರೆ. ಡಬ್ಬ ಕೊಳ್ಳುತ್ತಾರೆ. ಭರಣಿಯನ್ನು ಮುಖ ಸಿಂಡರಿಸಿ ಇಟ್ಟುಕೊಳ್ಳಬಹುದು. ಪದರ ಬಿಡದ ಬೆಳ್ಳಿ ಪೌಚನ್ನು ಕೈಯಲ್ಲಿ ಹಿಡಿದೂ ನೋಡದೆ ಪಕ್ಕಕ್ಕೆ ಎಸೆಯುತ್ತಾರೆ. ಒಂದನ್ನೊಂದು ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡ ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಪ್ರಾಪಿಲಿನ್‌ಗಳನ್ನು ಬೇರ್ಪಡಿಸುವ ಖರ್ಚು ಅವುಗಳ ಬೆಲೆಯನ್ನು ಮೀರುತ್ತದೆ. ಪಲ್ಯವನ್ನು ವರ್ಷ ಕಾಪಾಡಿದ ಗುಣವೇ ಪೊಟ್ಟಣದ ಮರುಜನ್ಮಕ್ಕೆ ಅಡ್ಡ. ಇಂಥವು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತವೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಪದರಗಳೆಲ್ಲ ಒಂದೇ ಜಾತಿಯ ಪ್ಲಾಸ್ಟಿಕ್ಕಿನವಾದರೆ ಒಟ್ಟಿಗೆ ಕರಗಿಸಬಹುದು. ಫ್ರೀಜರಿನ ಚೀಲಕ್ಕೆ ಅಲ್ಯೂಮಿನಿಯಂ ಬೇಕಾಗದ ಕಾರಣ ಅಲ್ಲಿ ಇದು ಸುಲಭ. ಜರ್ಮನಿಯ ಫ್ರೋಸ್ಟಾ ಕಂಪನಿ 2020ರಲ್ಲಿ ಹೆಪ್ಪುಗಟ್ಟಿದ ತರಕಾರಿಗೆ ಕಾಗದದ ಚೀಲವನ್ನೇ ತಂದಿತು. ಪೊಟ್ಟಣದ ಲೋಕದಲ್ಲಿ ಫ್ಯಾಷನ್ ಎಂದು ಹೆಸರಿಸಲು ಯೋಗ್ಯವಾದದ್ದು ಇದು. ಖಾಕಿ ಬಣ್ಣ ಬಳಿಯುವುದಕ್ಕಿಂತ ಕಷ್ಟದ್ದು, ಅದಕ್ಕೇ ನಿಧಾನವಾಗಿ ಬರುತ್ತಿದೆ.

8. ವಾರಂಟಿ ಮತ್ತು ಗ್ರಾಹಕ ಸೇವೆ

ಒಳಗಿನ ಬಟಾಣಿಗೆ ಅವಧಿ ಮುಗಿಯುವ ದಿನಾಂಕವಿದೆ. ಹೊರಗಿನ ಹಾಳೆಗೆ ಅಂಥ ದಿನಾಂಕವನ್ನು ಯಾರೂ ಮುದ್ರಿಸಿಲ್ಲ. ಆ ವಾರಂಟಿ ನಿಮ್ಮ ಮೊಮ್ಮಕ್ಕಳಿಗೂ ಅನ್ವಯಿಸುತ್ತದೆ.

ಬೆನ್ನಿನ ಮೇಲಿನ ಗ್ರಾಹಕ ಸೇವೆಯ ಸಂಖ್ಯೆಗೆ ಜನ ಫೋನ್ ಮಾಡುವುದು ಕಾಳು ಗಡ್ಡೆಯಾಗಿದ್ದರೆ, ಹುಳ ಕಂಡರೆ, ತೂಕ ಕಡಿಮೆಯಿದ್ದರೆ. ಪೊಟ್ಟಣದಲ್ಲಿ ಯಾವ ದೋಷವೂ ಇಲ್ಲದಿದ್ದಾಗಲೂ ಒಮ್ಮೆ ಮಾಡಿ. ಸಂಗೀತ ಕೇಳಿ, ಒಂದು ಒತ್ತಿ, ಎರಡು ಒತ್ತಿ, ಮನುಷ್ಯರ ದನಿ ಬಂದಾಗ ಕೇಳಿ: “ಖಾಲಿ ಪೊಟ್ಟಣ ನನ್ನ ಹತ್ತಿರ ಇದೆ. ಗುಜರಿಯವರು ಬೇಡ ಅಂತಾರೆ. ವಾಪಸ್ ಎಲ್ಲಿ ಕೊಡಲಿ?” ಆ ಕಡೆ ಪಾಪ, ಗದ್ದಲದ ಹಾಲಿನಲ್ಲಿ ಕುಳಿತ ಹುಡುಗಿಯೊಬ್ಬಳಿರುತ್ತಾಳೆ. ಅವಳ ಮುಂದಿನ ಉತ್ತರಗಳ ಪಟ್ಟಿಯಲ್ಲಿ ಇದಕ್ಕೆ ಉತ್ತರವಿರಲಾರದು. ಗದರಿಸಬೇಡಿ, ದೂರು ಬರೆದುಕೊಳ್ಳಮ್ಮಾ ಎನ್ನಿ, ನಂಬರು ಕೇಳಿ ಪಡೆಯಿರಿ.

ಇದು ತಲೆಹರಟೆ ಪ್ರಶ್ನೆಯಲ್ಲ. ಪ್ಲಾಸ್ಟಿಕ್ ಪೊಟ್ಟಣದ ಮರುಸಂಗ್ರಹ ಮತ್ತು ಸಂಸ್ಕರಣೆಯ ಹೊಣೆ ತಯಾರಕರು, ಆಮದುದಾರರು ಮತ್ತು ಬ್ರ್ಯಾಂಡಿನ ಒಡೆಯರದು ಎಂದು ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರುವರಿಯ ಮಾರ್ಗಸೂಚಿಯಲ್ಲಿ ಬರೆದಿದೆ. ಪದರಗಳ ಪೊಟ್ಟಣಕ್ಕೆ ಅದರಲ್ಲಿ ಪ್ರತ್ಯೇಕ ವರ್ಗವೇ ಇದೆ. ಲೆಕ್ಕವನ್ನು ಅವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಟನ್ನುಗಳಲ್ಲಿ ಒಪ್ಪಿಸುತ್ತಾರೆ. ನಿಮ್ಮ ಕೈಯಲ್ಲಿರುವುದು ಆರೇಳು ಗ್ರಾಂ. ಗಾಡಿಯವರ ಹತ್ತಿರ ಒಂದೆಸಳು ಕರಿಬೇವಿಗೆ ಪಟ್ಟು ಹಿಡಿದವರು ಆರೇಳು ಗ್ರಾಮಿಗೆ ಸೋತು ಫೋನ್ ಇಡತಕ್ಕದ್ದಲ್ಲ.